ರಿಲೇ ಟೈಮರ್‌ನಲ್ಲಿ ಕ್ರಿಸ್ಟಲ್: ರಿಸೆಟ್ ಎಲ್ಲಿ ಕೊಡಬೇಕು?

ನಿಗದಿತ ಹೊತ್ತಿನವರೆಗೆ ರಿಲೇಯನ್ನು (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಚಾಲೂ ಇರಿಸಿ ಆಮೇಲೆ ತಾನಾಗಿ ಬಿಡಿಸುವ ಸರ್ಕ್ಯೂಟ್‌ಗೆ ಹೆಚ್ಚಿನವರು ಕೆಪಾಸಿಟರ್ ತುಂಬುವ ಹೊತ್ತಿನಿಂದ ಅವಧಿ ಅಳೆಯುವ 555 ಟೈಮರ್ ಐಸಿಯನ್ನೇ ಆರಿಸಿಕೊಳ್ಳುತ್ತಾರೆ. ಕೆಲವು ಸೆಕೆಂಡುಗಳ ಅವಧಿಗೆ ಅದು ಸಾಕು. ಅವಧಿ ಹತ್ತಾರು ನಿಮಿಷಕ್ಕೆ ಏರಿದಾಗ ದೊಡ್ಡ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಬೇಕಾಗುತ್ತದೆ. ಅದರ ಮೌಲ್ಯವೇ ಸಾಮಾನ್ಯವಾಗಿ ಶೇ. 20ರಷ್ಟು ಆಚೀಚೆ ಇರುವುದರಿಂದ ಹತ್ತು ನಿಮಿಷವೆಂದು ಲೆಕ್ಕ ಹಾಕಿದ್ದು ಎಂಟೋ ಹನ್ನೆರಡೋ ಆಗಿಬಿಡುತ್ತದೆ. ಗಡಿಯಾರಗಳಲ್ಲಿ ಬಳಸುವ, ನಿಗದಿತ ಆವರ್ತನದಲ್ಲಿ ಕಂಪಿಸುವ ಸ್ಫಟಿಕದ ತುಣುಕಾದ 32,768 ಹರ್ಟ್ಜ್‌ನ ಕ್ರಿಸ್ಟಲ್‌ನಲ್ಲಿ ಈ ವ್ಯತ್ಯಾಸ ಸಾಮಾನ್ಯವಾಗಿ ಹತ್ತು ಲಕ್ಷಕ್ಕೆ 20 ಭಾಗ, ಅಂದರೆ ದಿನಕ್ಕೆ ಎರಡು ಸೆಕೆಂಡಿಗೂ ಕಡಿಮೆ.

ಈ ಕ್ರಿಸ್ಟಲನ್ನು, ಆಸಿಲೇಟರ್ (ಆಂದೋಲನ ಹುಟ್ಟಿಸುವ ಭಾಗ) ಮತ್ತು ಕೌಂಟರ್ ಎರಡೂ ಒಳಗಿರುವ ಸಿಡಿ4060 ಐಸಿಯ 10 ಮತ್ತು 11ನೇ ಪಿನ್‌ಗಳ ನಡುವೆ ಜೋಡಿಸಿದರೆ, ಒಳಗಿನ 14 ಹಂತಗಳ ಕೌಂಟರ್ ಆವರ್ತನವನ್ನು ಭಾಗಿಸಿ 3ನೇ ಪಿನ್‌ನಲ್ಲಿ ಸೆಕೆಂಡಿಗೆ ಎರಡು ಪಲ್ಸ್ ಕೊಡುತ್ತದೆ. ಆ ಎರಡು ಪಿನ್‌ಗಳ ನಡುವೆ 10 ಮೆಗಾಓಮ್ ರೆಸಿಸ್ಟರ್ ಬೇಕು. ಕ್ರಿಸ್ಟಲ್‌ನ ಲೋಡ್ ಕೆಪಾಸಿಟೆನ್ಸ್ (ಸರಿಯಾದ ಆವರ್ತನಕ್ಕೆ ಅದಕ್ಕೆ ಬೇಕಾದ ಕೆಪಾಸಿಟೆನ್ಸ್) 12.5 ಪಿಕೋಫ್ಯಾರಡ್ ಆಗಿದ್ದರೆ, ಅದರ ಎರಡೂ ತುದಿಗಳಿಂದ ಗ್ರೌಂಡಿಗೆ 18 ಪಿಕೋಫ್ಯಾರಡ್‌ನ ಒಂದೊಂದು ಕೆಪಾಸಿಟರ್ ಸರಿಹೊಂದುತ್ತದೆ. 10ನೇ ಪಿನ್ ಮತ್ತು ಕ್ರಿಸ್ಟಲ್ ನಡುವೆ ಕೆಲವು ನೂರು ಕಿಲೋಓಮ್‌ನ ಸರಣಿ ರೆಸಿಸ್ಟರ್ ಹಾಕುವುದನ್ನು ಮರೆಯಬಾರದು: ಈ ಪುಟ್ಟ ಕ್ರಿಸ್ಟಲ್ ತಡೆದುಕೊಳ್ಳುವ ಶಕ್ತಿ ಸುಮಾರು ಒಂದು ಮೈಕ್ರೋವ್ಯಾಟ್ ಮಾತ್ರ.

ಸರ್ಕ್ಯೂಟ್ ಕೆಡುವುದು ಮುಂದಿನ ಹೆಜ್ಜೆಯಲ್ಲಿ. ಸ್ಟಾರ್ಟ್ ಬಟನ್ನನ್ನು 4060ರ ರಿಸೆಟ್ ಆದ 12ನೇ ಪಿನ್‌ಗೆ ಕೊಡುವ ನಕ್ಷೆಗಳು ಬಹಳ ಇವೆ. ಆದರೆ ಆ ಪಿನ್ ಮೇಲಿನ ಮಟ್ಟಕ್ಕೆ (ಪೂರೈಕೆ ವೋಲ್ಟೇಜಿನ ಹತ್ತಿರಕ್ಕೆ) ಹೋದಾಗ ಎಣಿಕೆ ಸೊನ್ನೆಯಾಗುವುದರ ಜೊತೆಗೆ ಆಸಿಲೇಟರ್ ಕೂಡ ನಿಂತುಹೋಗುತ್ತದೆ. ರೆಸಿಸ್ಟರ್-ಕೆಪಾಸಿಟರ್‌ನ (ಆರ್‌ಸಿ) ಆಸಿಲೇಟರ್ ಆದರೆ ತಕ್ಷಣ ಮತ್ತೆ ಓಡುತ್ತದೆ. ಗಡಿಯಾರದ ಕ್ರಿಸ್ಟಲ್ ಮಾತ್ರ ಪೂರ್ಣ ಕಂಪನಕ್ಕೆ ಬರಲು ಒಮ್ಮೊಮ್ಮೆ ಒಂದು ಸೆಕೆಂಡಿನಷ್ಟು ಹೊತ್ತು ತೆಗೆದುಕೊಳ್ಳುತ್ತದೆ, ಅದೂ ಪ್ರತಿಸಲ ಒಂದೇ ಸಮನಾಗಿರುವುದಿಲ್ಲ. ನಿಖರತೆಗೆಂದೇ ತಂದ ಕ್ರಿಸ್ಟಲನ್ನು ಬಟನ್ ಒತ್ತಿದಾಗಲೆಲ್ಲ ನಿಲ್ಲಿಸುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ.

12ನೇ ಪಿನ್ನನ್ನು ಗ್ರೌಂಡಿಗೆ ಕಟ್ಟಿ 4060ಯನ್ನು ಸದಾ ಓಡಲು ಬಿಟ್ಟು, ಅದರ ಪಲ್ಸ್‌ಗಳನ್ನು ಸಿಡಿ4040 ಕೌಂಟರ್‌ಗೆ ಕೊಟ್ಟು, ರಿಸೆಟ್ಟನ್ನು ಅಲ್ಲಿಗೆ ಸಾಗಿಸಬೇಕು. ಬಟನ್ ಒತ್ತಿದಾಗ ಸಿಡಿ4013 ಫ್ಲಿಪ್‌ಫ್ಲಾಪ್ (ಎರಡು ಸ್ಥಿತಿಗಳಲ್ಲೊಂದನ್ನು ನೆನಪಿಡುವ ಐಸಿ) ಸೆಟ್ ಆಗಿ, ಟ್ರಾನ್ಸಿಸ್ಟರ್ ಮೂಲಕ ರಿಲೇಯನ್ನು ಎಳೆಯುತ್ತದೆ ಮತ್ತು ತನ್ನ ವಿಲೋಮ ಔಟ್‌ಪುಟ್‌ನಿಂದ 4040ರ ರಿಸೆಟ್ ಬಿಡಿಸುತ್ತದೆ. ಹತ್ತು ನಿಮಿಷಕ್ಕೆ 1200 ಎಣಿಕೆ, ಅಂದರೆ 1024, 128, 32 ಮತ್ತು 16ರ ಮೊತ್ತ. ಆದ್ದರಿಂದ 4040ರಲ್ಲಿ ಕ್ರಮವಾಗಿ ಈ ಎಣಿಕೆಗಳನ್ನು ಸೂಚಿಸುವ ಕ್ಯೂ11, ಕ್ಯೂ8, ಕ್ಯೂ6, ಕ್ಯೂ5 ಔಟ್‌ಪುಟ್‌ಗಳನ್ನು ನಾಲ್ಕು ಡಯೋಡ್ ಮತ್ತು ಒಂದು ಪುಲ್-ಅಪ್ ರೆಸಿಸ್ಟರ್‌ನಿಂದ ಕೂಡಿಸಿದರೆ, ನಾಲ್ಕೂ ಒಟ್ಟಿಗೆ ಮೇಲಿನ ಮಟ್ಟಕ್ಕೆ ಬಂದ ಕ್ಷಣ ಫ್ಲಿಪ್‌ಫ್ಲಾಪ್ ರಿಸೆಟ್ ಆಗಿ ರಿಲೇ ಬಿಡುತ್ತದೆ. ಬಟನ್ ಒತ್ತುವ ಗಳಿಗೆಯಲ್ಲಿ ಪಲ್ಸ್ ಅರ್ಧ ದಾರಿಯಲ್ಲಿರಬಹುದಾದ್ದರಿಂದ ಒಟ್ಟು ಅವಧಿ ಗರಿಷ್ಠ ಅರ್ಧ ಸೆಕೆಂಡು ಕಡಿಮೆಯಾದೀತು. ಇದಕ್ಕೆ ಹೋಲಿಸಿದರೆ ಹತ್ತು ನಿಮಿಷದಲ್ಲಿ ಕ್ರಿಸ್ಟಲ್‌ನದೇ ತಪ್ಪು 12 ಮಿಲಿಸೆಕೆಂಡ್ ಮಾತ್ರ.

ರಿಲೇ ಕಾಯಿಲ್‌ಗೆ ಅಡ್ಡಲಾಗಿ ಡಯೋಡ್, ಪ್ರತಿ ಐಸಿಯ ಪಕ್ಕ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲೇಬೇಕು, ಇಲ್ಲವಾದರೆ ರಿಲೇಯಿಂದ ಹುಟ್ಟುವ ವಿದ್ಯುತ್ ಗದ್ದಲವನ್ನೂ ಕೌಂಟರ್ ಪಲ್ಸ್ ಎಂದೇ ಎಣಿಸಬಹುದು. ಇನ್ನು, ಕ್ರಿಸ್ಟಲ್ ಓಡುತ್ತಿದೆಯೇ ಎಂದು ನೋಡಲು ಆಸಿಲೋಸ್ಕೋಪ್‌ನ ಪ್ರೋಬನ್ನು ನೇರ 11ನೇ ಪಿನ್‌ಗೆ ಮುಟ್ಟಿಸಬೇಡಿ. ಪ್ರೋಬಿನ ಹತ್ತಾರು ಪಿಕೋಫ್ಯಾರಡ್ ಹೊರೆಗೆ ಆಂದೋಲನವೇ ನಿಂತು, ಸರಿಯಿರುವ ಸರ್ಕ್ಯೂಟ್ ಕೆಟ್ಟಂತೆ ಕಾಣಿಸುತ್ತದೆ. 3ನೇ ಪಿನ್‌ನಲ್ಲಿ ಅಳೆದರೆ ಬೇಕಾದ ಉತ್ತರ ಸಿಗುತ್ತದೆ.