ಶುಲ್ಕ ಕಟ್ಟುವ ಮೊದಲು ಒಂದು ಸಂಜೆ

ಶಾಲೆಗಳು ಆರಂಭವಾಗಿ ಎರಡು ವಾರ ಕಳೆಯುವಷ್ಟರಲ್ಲಿ, ಕಲಬುರಗಿಯಲ್ಲಿ ನಾನು ತರಬೇತಿ ನೀಡುವ ಮೈದಾನಕ್ಕೆ ಪಾಲಕರು ಮಕ್ಕಳನ್ನು ಕರೆದುಕೊಂಡು ಬರತೊಡಗುತ್ತಾರೆ. ಅವರ ಮೊದಲ ಪ್ರಶ್ನೆ ಶುಲ್ಕದ ಬಗ್ಗೆ. ಎರಡನೆಯದು, "ಸರ, ನಮ್ಮ ಹುಡುಗಗ ಮ್ಯಾಚ್ ಯಾವಾಗ ಆಡಸ್ತೀರಿ?" ಎಂಬುದು. ಹದಿನೈದು ವರ್ಷಗಳಿಂದ ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತಿರುವ ನಾನು ಎರಡಕ್ಕೂ ಉತ್ತರಿಸುವ ಮೊದಲು, ಮೈದಾನದ ಅಂಚಿನಲ್ಲಿ ಒಂದು ಗಂಟೆ ನಿಂತು ಅಭ್ಯಾಸವನ್ನು ನೋಡುವಂತೆ ಅವರನ್ನು ಕೇಳಿಕೊಳ್ಳುತ್ತೇನೆ. ಕಪಾಟಿನಲ್ಲಿರುವ ಟ್ರೋಫಿಗಳು ಹೇಳದಿರುವ ಸಂಗತಿಗಳನ್ನು ಒಂದು ಸಂಜೆಯ ಅಭ್ಯಾಸ ಹೇಳಿಬಿಡುತ್ತದೆ. ಈ ಪರೀಕ್ಷೆಯಿಂದ ನಮ್ಮ ಕ್ಲಬ್ಬಿಗೂ ವಿನಾಯಿತಿ ಇಲ್ಲ.

ನೋಡಬೇಕಾದ ಮೊದಲ ಸಂಗತಿ, ಮಗುವಿನ ಕಾಲಿಗೆ ಚೆಂಡು ಎಷ್ಟು ಬಾರಿ ಸಿಗುತ್ತದೆ ಎಂಬುದು. ಇಪ್ಪತ್ತನಾಲ್ಕು ಮಕ್ಕಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ಒಬ್ಬೊಬ್ಬರಾಗಿ ಗೋಲಿನತ್ತ ಒದೆಯಲು ಹೇಳಿದರೆಂದುಕೊಳ್ಳಿ. ಒಬ್ಬೊಬ್ಬರಿಗೆ ಅರ್ಧ ನಿಮಿಷ ಹಿಡಿದರೂ ಒಂದು ಸುತ್ತು ಮುಗಿಯಲು 12 ನಿಮಿಷ ಬೇಕು. ಅಂದರೆ ಇಡೀ ಒಂದು ಗಂಟೆಯಲ್ಲಿ ನಿಮ್ಮ ಮಗು ಐದು ಬಾರಿ ಒದ್ದು, ಉಳಿದ ಹೊತ್ತೆಲ್ಲ ಮುಂದಿನವನ ಬೆನ್ನು ನೋಡುತ್ತ ನಿಂತಿರುತ್ತದೆ. ಅದೇ ಮಕ್ಕಳನ್ನು ನಾಲ್ವರು ನಾಲ್ವರ ತಂಡಗಳಾಗಿ ಮಾಡಿ, ಮೂರು ಸಣ್ಣ ಅಂಕಣಗಳಲ್ಲಿ ಮೂರು ಚೆಂಡು ಕೊಟ್ಟು ಆಡಲು ಬಿಟ್ಟರೆ ಯಾರೂ ಸರದಿ ಕಾಯಬೇಕಿಲ್ಲ. ಚೆಂಡು ತನ್ನ ಬಳಿ ಇಲ್ಲದಾಗಲೂ ಎಲ್ಲಿ ನಿಲ್ಲಬೇಕು, ಯಾರಿಗೆ ಜಾಗ ಬಿಡಬೇಕು ಎಂದು ಮಗು ಯೋಚಿಸುತ್ತಲೇ ಇರುತ್ತದೆ. ಸಾಲು ಶಿಸ್ತಾಗಿ ಕಾಣುತ್ತದೆ ಎಂಬ ಕಾರಣಕ್ಕೆ ಅನೇಕ ಪಾಲಕರಿಗೆ ಅದೇ ಇಷ್ಟವಾಗುತ್ತದೆ. ನಮ್ಮ ಶಾಲೆಗಳ ಕವಾಯತು ಕಣ್ಣಿಗೆ ಅಂಥ ಅಭ್ಯಾಸ ಮಾಡಿಸಿದೆ. ಆದರೆ ಫುಟ್‌ಬಾಲನ್ನು ಸಾಲಿನಲ್ಲಿ ನಿಂತು ಕಲಿಯಲಾಗುವುದಿಲ್ಲ. ಹನ್ನೆರಡು ವರ್ಷದೊಳಗಿನವರನ್ನು ದೊಡ್ಡವರ ಪೂರ್ಣ ಮೈದಾನದಲ್ಲಿ ಹನ್ನೊಂದು ಜನರ ತಂಡವಾಗಿ ಆಡಿಸುವ ಕ್ಲಬ್ಬಿನಲ್ಲಿಯೂ ಇದೇ ತೊಂದರೆ: ಗಟ್ಟಿಮುಟ್ಟಾದ ಇಬ್ಬರು ಓಡುತ್ತಾರೆ, ಉಳಿದವರು ನೋಡುತ್ತಾರೆ.

ಚೆಂಡಿನ ಅಳತೆಯನ್ನೂ ಗಮನಿಸಬೇಕು. ಎಂಟು ವರ್ಷದೊಳಗಿನವರಿಗೆ 3ನೇ ಅಳತೆ, ಎಂಟರಿಂದ ಹನ್ನೆರಡರವರೆಗೆ 4ನೇ ಅಳತೆ, ಆಮೇಲೆ 5ನೇ ಅಳತೆ ಎಂಬುದು ರೂಢಿ. 5ನೇ ಅಳತೆಯ ಚೆಂಡು 410ರಿಂದ 450 ಗ್ರಾಂ ತೂಗುತ್ತದೆ. ಅದನ್ನೇ ಏಳು ವರ್ಷದ ಮಗುವಿಗೆ ಕೊಟ್ಟರೆ, ಅದು ಪಾದದ ಒಳಬದಿಯಿಂದ ತಳ್ಳುವುದನ್ನು ಬಿಟ್ಟು ಬೆರಳ ತುದಿಯಿಂದ ಚುಚ್ಚಿ ಒದೆಯುವುದನ್ನು ರೂಢಿಸಿಕೊಳ್ಳುತ್ತದೆ. ಈ ಚಟವನ್ನು ಬಿಡಿಸಲು ನನಗೆ ಎಷ್ಟೋ ಸಲ ಒಂದು ವರ್ಷವೇ ಹಿಡಿದಿದೆ. ತಲೆಯಿಂದ ಚೆಂಡು ಹೊಡೆಯುವುದನ್ನು ಸಣ್ಣ ಮಕ್ಕಳಿಗೆ ಕಲಿಸುತ್ತಿದ್ದರೆ ಧಾರಾಳವಾಗಿ ಆಕ್ಷೇಪಿಸಿ. ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲಿಯೇ ಹತ್ತು ವರ್ಷ ಮತ್ತು ಅದಕ್ಕಿಂತ ಕಿರಿಯರಿಗೆ ಇದನ್ನು ನಿಷೇಧಿಸಿತು. ಇಂಗ್ಲೆಂಡಿನ ಸಂಸ್ಥೆ 2020ರಲ್ಲಿ ಪ್ರಾಥಮಿಕ ಶಾಲೆಯ ವಯಸ್ಸಿನವರ ಅಭ್ಯಾಸದಿಂದ ಇದನ್ನು ಕೈಬಿಡುವಂತೆ ಸೂಚಿಸಿತು.

ಇನ್ನು ನಮ್ಮ ಬಿಸಿಲು ಮತ್ತು ನೆಲ. ಇವೆರಡರ ಬಗ್ಗೆ ಬೆಂಗಳೂರಿನ ತರಬೇತುದಾರರಿಗಿಂತ ನಾವು ಹೆಚ್ಚು ಯೋಚಿಸಬೇಕಾಗುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸ ಮಾಡುವ ಊರಿನಲ್ಲಿ, ಬೇಸಿಗೆ ಶಿಬಿರದ ಹೆಸರಿನಲ್ಲಿ ಸಂಜೆ ನಾಲ್ಕಕ್ಕೆ ಮಕ್ಕಳನ್ನು ಓಡಿಸುವ ಕ್ಲಬ್ಬಿಗೆ ಸೇರಿಸಬೇಡಿ ಎಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ನಮ್ಮದು ಒಣ ಸೆಕೆ. ಬೆವರು ಮೈಮೇಲೆ ನಿಲ್ಲದೆ ಆರಿಹೋಗುವುದರಿಂದ, ದೇಹ ಎಷ್ಟು ನೀರು ಕಳೆದುಕೊಂಡಿದೆ ಎಂಬುದು ಮಗುವಿಗೂ ತಿಳಿಯುವುದಿಲ್ಲ, ನೋಡುತ್ತಿರುವವರಿಗೂ ತಿಳಿಯುವುದಿಲ್ಲ. ಆದ್ದರಿಂದ ಬಾಯಾರಿಕೆಗೆ ಕಾಯದೆ, ಹದಿನೈದು ನಿಮಿಷಕ್ಕೊಮ್ಮೆ ಆಟ ನಿಲ್ಲಿಸಿ ಎಲ್ಲರಿಗೂ ನೀರು ಕುಡಿಸುತ್ತಾರೆಯೇ ಎಂದು ನೋಡಿ. ಪಂದ್ಯದ ನಿಯಮಗಳೇ ಸೆಕೆಯಲ್ಲಿ ಒಂದೂವರೆ ನಿಮಿಷದಿಂದ ಮೂರು ನಿಮಿಷದ ವಿರಾಮಕ್ಕೆ ಅವಕಾಶ ನೀಡಿರುವಾಗ, ಅಭ್ಯಾಸದಲ್ಲಿ ನೀರು ಕೇಳಿದ ಮಗುವನ್ನು ಗದರಿಸುವುದಕ್ಕೆ ಅರ್ಥವಿಲ್ಲ. ರಂಜಾನ್ ತಿಂಗಳಲ್ಲಿ ರೋಜಾ ಇರುವ ಮಕ್ಕಳಿಗೆ ಓಟವನ್ನು ಕಡಿಮೆ ಮಾಡುತ್ತಾರೆಯೇ, ಸಮಯ ಬದಲಿಸುತ್ತಾರೆಯೇ ಎಂದೂ ಕೇಳಿ. ನಮ್ಮ ಊರಿನ ಕ್ಲಬ್ಬಿಗೆ ಈ ಪ್ರಶ್ನೆ ಹೊಸದಾಗಿರಬಾರದು.

ಎರೆ ಭೂಮಿಯ ಮೈದಾನ ಬೇಸಿಗೆಯಲ್ಲಿ ಪಾದ ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಬೂಟಿಗೆ ಅಂಟಿಕೊಂಡು ಕಾಲನ್ನು ಭಾರ ಮಾಡುತ್ತದೆ. ಗರಸು ಹಾಕಿದ ನೆಲ ಕಲ್ಲಿನಂತೆ ಗಟ್ಟಿ. ಇಂಥ ನೆಲದ ಮೇಲೆ, ಹುಲ್ಲಿಗೆಂದು ಮಾಡಿದ, ಅಡಿಯಲ್ಲಿ ಉದ್ದನೆಯ ಸ್ಟಡ್‌ಗಳಿರುವ (ಗುಬುಟುಗಳಿರುವ) ದುಬಾರಿ ಬೂಟು ಹಾಕಿ ಓಡಿದ ಮಗುವಿಗೆ ಹಿಮ್ಮಡಿ ನೋವು ಬಂದರೆ ಆಶ್ಚರ್ಯವಿಲ್ಲ. ಎಂಟರಿಂದ ಹದಿನಾಲ್ಕು ವರ್ಷದ ನಡುವೆ ಹಿಮ್ಮಡಿಯ ಎಲುಬಿನ ಬೆಳೆಯುವ ಭಾಗ ಇನ್ನೂ ಮೆತ್ತಗಿರುತ್ತದೆ. ಹಿಂಬದಿಯ ಸ್ನಾಯು ಅದನ್ನು ಎಳೆಯುತ್ತ ಹೋದಂತೆ ನೋವು ಕಾಣಿಸಿಕೊಳ್ಳುತ್ತದೆ. ಅದನ್ನು ನೆಪ ಎಂದು ತಳ್ಳಿಹಾಕದೆ ಕೆಲವು ವಾರ ಓಟ ಕಡಿಮೆ ಮಾಡಿ, ಕುಂಟುತ್ತಿದ್ದರೆ ಮೂಳೆ ವೈದ್ಯರಿಗೆ ತೋರಿಸಬೇಕು. ರಬ್ಬರಿನ ಸಣ್ಣ ಗುಬುಟುಗಳಿರುವ ಟರ್ಫ್ ಶೂ ನಮ್ಮ ನೆಲಕ್ಕೆ ಸಾಕು. ಮುಂದಿನ ವರ್ಷಕ್ಕೂ ಆಗಲಿ ಎಂದು ಎರಡು ಅಳತೆ ದೊಡ್ಡದನ್ನು ತರುವ ಉಳಿತಾಯ ಮಾತ್ರ ಬೇಡ.

ಮೊಣಕಾಲಿನ ಕೆಳಗಿನ ಶಿನ್ ಗಾರ್ಡ್ ಕಡ್ಡಾಯ. ಕಡಗ, ಉಂಗುರ, ಕಿವಿಯೋಲೆ, ಕೊರಳ ಸರ ಯಾವುದನ್ನೂ ಪಂದ್ಯದಲ್ಲಿ ಬಿಡುವುದಿಲ್ಲ. ಪಟ್ಟಿ ಸುತ್ತಿ ಮುಚ್ಚಿದರೂ ನಡೆಯುವುದಿಲ್ಲ. ಹರಕೆಯ ದಾರಗಳ ವಿಷಯದಲ್ಲಿ ಮನೆಯಲ್ಲಿ ಮೊದಲೇ ಮಾತನಾಡಿಕೊಂಡರೆ, ಪಂದ್ಯದ ದಿನ ಮಗು ಅಳುವುದು ತಪ್ಪುತ್ತದೆ. ತಲೆವಸ್ತ್ರಕ್ಕೆ 2014ರಿಂದ ನಿಯಮಗಳಲ್ಲಿಯೇ ಅನುಮತಿ ಇದೆ. ಆದರೆ ಅದು ಮೈಗೆ ಹತ್ತಿದಂತಿರಬೇಕು, ಪಿನ್ನು ಇರಬಾರದು. ಹೆಣ್ಣುಮಗಳನ್ನು ಸೇರಿಸುವವರು ಅಭ್ಯಾಸದಲ್ಲಿ ಬೇರೆ ಹುಡುಗಿಯರಿದ್ದಾರೆಯೇ, ಮೈದಾನದಲ್ಲಿ ಬಳಸಬಹುದಾದ ಶೌಚಾಲಯ ಇದೆಯೇ ಎಂದು ಕಣ್ಣಾರೆ ನೋಡಿ ಬರಬೇಕು. ಅನೇಕ ಹುಡುಗಿಯರು ಆಟ ಬಿಡುವುದು ಆಸಕ್ತಿ ಕುಗ್ಗಿ ಅಲ್ಲ, ಶೌಚಾಲಯ ಇಲ್ಲದ ಕಾರಣಕ್ಕೆ ಎಂಬುದು ನನ್ನ ಅನುಭವ.

ತರಬೇತುದಾರರ ಬಳಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಡಿ ಅಥವಾ ಸಿ ಪರವಾನಗಿ (ತರಬೇತುದಾರರ ಆರಂಭಿಕ ಹಂತದ ಪರವಾನಗಿಗಳು) ಇದೆಯೇ ಎಂದು ಕೇಳುವುದು ಅವಮಾನವಲ್ಲ. ಪರವಾನಗಿಗಿಂತ ನಾನು ಹೆಚ್ಚು ತೂಕ ಕೊಡುವುದು ಬೇರೆಯದಕ್ಕೆ: ಅಭ್ಯಾಸವನ್ನು ಪಾಲಕರು ಯಾವಾಗ ಬೇಕಾದರೂ ಬಂದು ನೋಡಬಹುದೇ, ಹೊರಊರಿನ ಪಂದ್ಯಾವಳಿಗೆ ಹೋದಾಗ ಮಕ್ಕಳ ಜೊತೆ ಎಷ್ಟು ಜನ ದೊಡ್ಡವರಿರುತ್ತಾರೆ, ರಾತ್ರಿ ಎಲ್ಲಿ ಮಲಗಿಸುತ್ತಾರೆ. ಪಾಲಕರನ್ನು ಗೇಟಿನ ಹೊರಗೆ ನಿಲ್ಲಿಸುವ ಕ್ಲಬ್ಬಿಗೆ ನನ್ನ ಮಗನನ್ನು ನಾನು ಕಳಿಸಲಾರೆ. ದೊಡ್ಡ ಕ್ಲಬ್ಬಿನ ಟ್ರಯಲ್ಸ್‌ಗೆ ಸೇರಿಸುತ್ತೇವೆ ಎಂದು ಮುಂಗಡ ಹಣ ಕೇಳುವವರನ್ನೂ ನಂಬಬಾರದು.

ಕ್ಲಬ್ ನಿಮ್ಮನ್ನು ಕೇಳಬೇಕಾದದ್ದೂ ಒಂದಿದೆ, ಅದು ಮಗುವಿನ ಜನನ ಪ್ರಮಾಣಪತ್ರ. ಶಾಲೆಗೆ ಬೇಗ ಸೇರಿಸಬೇಕೆಂದು ವಯಸ್ಸು ಹೆಚ್ಚಿಸಿ ಬರೆಸುವುದು ನಮ್ಮ ಭಾಗದಲ್ಲಿ ಬಹಳ ಕಾಲ ನಡೆದಿದೆ. ಹಿಂದಿನ ತಲೆಮಾರಿನಲ್ಲಿ ಜೂನ್ 1ರಂದು ಹುಟ್ಟಿದವರು ಎಷ್ಟು ಜನ ಎಂಬುದನ್ನು ಪ್ರತಿ ಮನೆಯೂ ಬಲ್ಲದು. ಫುಟ್‌ಬಾಲಿನಲ್ಲಿ ಮೋಸ ನಡೆಯುವುದು ಇದಕ್ಕೆ ತದ್ವಿರುದ್ಧವಾಗಿ, ವಯಸ್ಸು ಇಳಿಸಿ. ಅದನ್ನು ಹಿಡಿಯಲು ಎಡಗೈ ಮಣಿಕಟ್ಟಿನ ಎಕ್ಸ್‌-ರೇ ತೆಗೆದು ಎಲುಬಿನ ಬೆಳವಣಿಗೆ ಅಳೆಯುವ ಟಿಡಬ್ಲ್ಯು3 ಪರೀಕ್ಷೆಯನ್ನು ಫೆಡರೇಷನ್ ಕಿರಿಯರ ಲೀಗ್‌ಗಳಲ್ಲಿ ಬಳಸಿದೆ. "ವಯಸ್ಸಿನದು ನಾವು ನೋಡ್ಕೋತೀವಿ" ಎನ್ನುವ ಕ್ಲಬ್ಬಿನಿಂದ ಆ ಕ್ಷಣವೇ ಹಿಂದಿರುಗಿ. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದ ಹುಡುಗನೊಬ್ಬನ ಶಾಲಾ ದಾಖಲೆಯಲ್ಲಿ ಒಂದು ವರ್ಷ ಹೆಚ್ಚಾಗಿತ್ತು. ಅವನು ತನಗಿಂತ ಎತ್ತರದ ಹುಡುಗರ ನಡುವೆ ಆಡಬೇಕಾಗಿ ಬಂದು, ಚೆಂಡು ಬಂದರೆ ಹಿಂದೆ ಸರಿಯುವುದನ್ನು ಕಲಿತಿದ್ದ. ಅವನ ತಂದೆ ಪಾಲಿಕೆಯ ಜನನ ಪ್ರಮಾಣಪತ್ರ ಹಿಡಿದು ಶಾಲೆಗೂ ಆಧಾರ್ ಕೇಂದ್ರಕ್ಕೂ ಅಲೆದು ದಾಖಲೆ ಸರಿಪಡಿಸುವಷ್ಟರಲ್ಲಿ ನಾಲ್ಕು ತಿಂಗಳು ಕಳೆದು, ಆ ವರ್ಷದ ಪಂದ್ಯಾವಳಿ ಮುಗಿದೇ ಹೋಗಿತ್ತು. ಅಂದಿನಿಂದ ನಾನು ಪ್ರಮಾಣಪತ್ರವನ್ನು ಸೇರಿಸಿಕೊಳ್ಳುವ ದಿನವೇ ಕೇಳುತ್ತೇನೆ, ಶುಲ್ಕವನ್ನು ಆಮೇಲೆ.