ದೂರು ಬಂದ ಮನೆಗೆ ಮಾತ್ರ ಹೊಡೆದು ಹೋಗಿ ಅನ್ನುವವರಿಗೆ

"ಮೂರನೇ ಮಹಡಿಯಲ್ಲಿ ಒಂದೇ ಮನೆ. ಜಿರಳೆ ಔಷಧಿ ಹೊಡೆದು ಹೋಗಿಬಿಡಿ. ಉಳಿದವರಿಗೆ ಗೊತ್ತಾಗೋದು ಬೇಡ." ಕಟ್ಟಡದ ಮ್ಯಾನೇಜರ್ ಫೋನಿನಲ್ಲಿ ಹೀಗೆ ಅಂದರೆ ಸಾಕು, ಈ ಕಟ್ಟಡಕ್ಕೆ ಇನ್ನೂ ಐದಾರು ಸಲ ಬರಬೇಕು ಅಂತ ನನಗೆ ಗೊತ್ತಾಗಿಬಿಡುತ್ತದೆ. ಲೆಕ್ಕ ಹಾಕಿದರೆ ನನಗೆ ಲಾಭವೇ. ಆದರೆ ಅದೇ ಬಾಗಿಲು ತಟ್ಟಿ, ಅದೇ ಬಾಡಿಗೆದಾರರ ಸಪ್ಪೆ ಮುಖ ನೋಡಿ ನೋಡಿ ಸಾಕಾಗಿದೆ.

ಮ್ಯಾನೇಜರುಗಳಿಗೆ ನನ್ನದೊಂದು ಕೋರಿಕೆ. ನಿಮ್ಮ ಕಟ್ಟಡದ ಯಾವುದಾದರೂ ಅಡುಗೆಮನೆಯ ಸಿಂಕಿನ ಕೆಳಗೆ ಟಾರ್ಚ್ ಹಿಡಿದು ಒಮ್ಮೆ ಕೂತು ನೋಡಿ. ಪೈಪು ಗೋಡೆಯೊಳಗೆ ಹೋಗುವ ಕಡೆ ದುಂಡಗಿನ ಬಿಲ್ಲೆಯೊಂದು ಇರಬಹುದು. ಅದನ್ನು ಮೆಲ್ಲಗೆ ಹಿಂದೆ ಸರಿಸಿ. ಪೈಪಿನ ದಪ್ಪ ಎರಡು ಬೆರಳು, ಗೋಡೆಯ ತೂತು ಒಂದು ಮುಷ್ಟಿ. ಕಟ್ಟುವಾಗ ಯಾರೂ ಮುಚ್ಚಿಲ್ಲ, ಆಮೇಲೆ ಯಾರೂ ನೋಡಿಲ್ಲ. ಅದರ ಆಚೆ ಪಕ್ಕದ ಮನೆಯ ಸಿಂಕು. ತೂತಿನ ಅಂಚಿಗೆ ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕಿಗಳಿದ್ದರೆ ಅದು ಜಿರಳೆ ಹಿಕ್ಕೆ. ರಾತ್ರಿಯೆಲ್ಲ ಅಲ್ಲೇ ಓಡಾಟ.

ನಾನು ಹೇಳುತ್ತಿರುವುದು ಚರಂಡಿಯಿಂದ ಬರುವ ದೊಡ್ಡ ಜಿರಳೆಯ ವಿಷಯ ಅಲ್ಲ. ತಿಳಿ ಕಂದು ಬಣ್ಣದ, ಒಂದೂವರೆ ಸೆಂಟಿಮೀಟರ್ ಉದ್ದದ, ಕತ್ತಿನ ಹಿಂದೆ ಎರಡು ಕಪ್ಪು ಗೆರೆ ಇರುವ ಜರ್ಮನ್ ಜಿರಳೆ. ಅದು ಮನೆಯೊಳಗೇ ಹುಟ್ಟಿ ಮನೆಯೊಳಗೇ ಸಾಯುವಂಥದ್ದು. ಇಂಥ ಮನೆಯಲ್ಲಿ ನೀವು ಹೇಳಿದಂತೆ ಘಾಟು ಸ್ಪ್ರೇ ಹೊಡೆದರೆ ಏನಾಗುತ್ತದೆ ಗೊತ್ತಾ? ಇಂಥ ಸ್ಪ್ರೇಗಳಲ್ಲಿ ಹೆಚ್ಚಾಗಿ ಇರುವುದು ಪೈರೆಥ್ರಾಯ್ಡ್ ಅನ್ನುವ ಜಾತಿಯ ಕೀಟನಾಶಕ, ಅದರಲ್ಲಿ ಎಷ್ಟೋ ಔಷಧಿಗಳಿಗೆ ಹುಳವನ್ನು ದೂರ ಓಡಿಸುವ ಗುಣ ಇದೆ. ಕೆಲವು ಸಾಯುತ್ತವೆ. ಉಳಿದವು ಆ ತೂತಿನಲ್ಲೇ ಪಕ್ಕದ ಮನೆಗೆ, ಮೇಲಿನ ಮನೆಗೆ ದಾಟುತ್ತವೆ. ಹದಿನೈದು ದಿನ ಇಲ್ಲಿ ನೆಮ್ಮದಿ. ಆಮೇಲೆ ಪಕ್ಕದವರು ಫೋನ್ ಮಾಡುತ್ತಾರೆ, ಅಲ್ಲಿ ಹೊಡೆಯುತ್ತೀರಿ, ಹುಳ ವಾಪಸ್ ಇಲ್ಲಿಗೆ. ದುಡ್ಡು ಕೊಟ್ಟು ಜಿರಳೆಗೆ ವಾಕಿಂಗ್ ಮಾಡಿಸುತ್ತಿದ್ದೀರಿ, ಅಷ್ಟೇ.

ಮೊಟ್ಟೆಯ ಕಥೆ ಬೇರೆ. ಹೆಣ್ಣು ಜಿರಳೆ 30-40 ಮೊಟ್ಟೆಗಳಿರುವ ಚೀಲವನ್ನು ಸುಮಾರು ನಾಲ್ಕು ವಾರ ಹೊಟ್ಟೆಯ ತುದಿಗೆ ಅಂಟಿಸಿಕೊಂಡೇ ತಿರುಗುತ್ತದೆ. ಆ ಚೀಲದೊಳಗೆ ನಮ್ಮ ಔಷಧಿ ಇಳಿಯುವುದಿಲ್ಲ. ಅದಕ್ಕೇ ಒಂದೇ ಸಲಕ್ಕೆ ಮುಗಿಸಿಕೊಡ್ತೀನಿ ಅನ್ನುವವರನ್ನು ಸ್ವಲ್ಪ ಅನುಮಾನದಿಂದ ನೋಡಿ.

ಒಂದು ಕಟ್ಟಡದಲ್ಲಿ 302ರ ಹೆಂಗಸು ತಿಂಗಳಿಗೊಮ್ಮೆ ದೂರು ಕೊಡುತ್ತಿದ್ದರು. ನನಗಿಂತ ಮುಂಚೆ ಬಂದವರು ನಾಲ್ಕು ಸಲ ಹೊಡೆದು ಹೋಗಿದ್ದರು. ಮನೆ ನೋಡಿದರೆ ನೆಲದ ಮೇಲೆ ಮುಖ ಕಾಣುವಷ್ಟು ಸ್ವಚ್ಛ. "ಇವರೇ ಎಲ್ಲಿಂದಲೋ ತಂದಿರಬೇಕು" ಅಂತ ಮ್ಯಾನೇಜರ್ ಅವರ ಎದುರೇ ಅಂದುಬಿಟ್ಟರು. ಕೆಳಗಿನ ಮನೆ ನೋಡಬೇಕು ಅಂದೆ. "202ರಿಂದ ಒಂದು ದೂರೂ ಬಂದಿಲ್ಲ ಸಾರ್, ಸುಮ್ನೆ ಯಾಕೆ?"

ಎಲ್ಲರೂ ಎಡವುವುದು ಇಲ್ಲೇ. ದೂರು ಬಂದ ಮನೆಯೇ ಹುಳ ಹುಟ್ಟುವ ಮನೆ ಆಗಿರಬೇಕಿಲ್ಲ. ಎರಡು ಜಿರಳೆ ಕಂಡವರು ಫೋನ್ ಮಾಡುತ್ತಾರೆ. ಇನ್ನೂರು ಇರುವ ಮನೆಯವರು ಎಷ್ಟೋ ಸಲ ಬಾಯಿ ಬಿಡುವುದಿಲ್ಲ. ನಾಚಿಕೆ ಇರಬಹುದು, ಅಭ್ಯಾಸ ಆಗಿಹೋಗಿರಬಹುದು, ಇಲ್ಲಾ ನಿಮ್ಮ ಭಯ.

202ರಲ್ಲಿ ಒಬ್ಬ ಅಜ್ಜ ಇದ್ದರು, ಒಬ್ಬರೇ. ಕಣ್ಣು ಅಷ್ಟಕ್ಕಷ್ಟೇ. ಫ್ರಿಜ್ಜನ್ನು ಮುಂದಕ್ಕೆ ಎಳೆದೆ. ಹಿಂದೆ ಮೋಟರಿನ ಬೆಚ್ಚನೆ ಜಾಗದಲ್ಲಿ ತಗಡೇ ಕಾಣದಷ್ಟು ಹುಳ. ಬೆಳಕು ಬಿದ್ದ ಕೂಡಲೇ ಇಡೀ ಗುಂಪು ಒಮ್ಮೆಲೇ ಅಲುಗಾಡಿತು. "ಹೇಳಿದ್ರೆ ಮನೆ ಖಾಲಿ ಮಾಡಿ ಅಂತಾರೇನೋ ಅಂತ ಸುಮ್ನಿದ್ದೆ ಕಣಪ್ಪಾ" ಅಂದರು. ಆಮೇಲೆ ಒಂದು ಗಂಟೆ ನನಗೆ ಟಾರ್ಚ್ ಹಿಡಿದು ನಿಂತರು.

ಹಾಗಾಗಿ ಒಂದು ದೂರು ಬಂದರೆ ಆ ಮನೆಯ ಜೊತೆ ಎಡ, ಬಲ, ಮೇಲೆ, ಕೆಳಗೆ, ಗೋಡೆ ಹಂಚಿಕೊಂಡಿದ್ದರೆ ಹಿಂದಿನದು, ಎಲ್ಲವನ್ನೂ ನೋಡಿಸಿ. ನೋಡಿಸಿ ಅಂದೆ, ಎಲ್ಲ ಕಡೆ ಔಷಧಿ ಹೊಡೆಸಿ ಅನ್ನಲಿಲ್ಲ. ಹುಳ ಇಲ್ಲದ ಮನೆಗೆ ಔಷಧಿ ಯಾಕೆ? ಅಂಟು ಬಲೆಯ ಮೇಲೆ ಮನೆ ನಂಬರು, ತಾರೀಕು ಬರೆದು ಸಿಂಕಿನ ಕೆಳಗೊಂದು, ಫ್ರಿಜ್ಜಿನ ಹಿಂದೊಂದು ಇಟ್ಟು ಎರಡು ಮೂರು ರಾತ್ರಿ ಬಿಡಿ. ಯಾವ ಬಲೆಯಲ್ಲಿ ಜಾಸ್ತಿ ಬಿದ್ದಿದೆಯೋ ಕೆಲಸ ಅಲ್ಲಿಂದ ಶುರು. ಸಣ್ಣ ಮರಿಗಳು ಜಾಸ್ತಿ ಇದ್ದರೆ ಗೂಡು ಹತ್ತಿರದಲ್ಲೇ ಇದೆ. ಪ್ರತಿ ಕಟ್ಟಡದ ಜೋಡಣೆ ಬೇರೆ, ನೋಡದೆ ಇದಕ್ಕಿಂತ ಜಾಸ್ತಿ ಹೇಳಲಾರೆ.

ನಾನು ಸಾಮಾನ್ಯವಾಗಿ ಜಿರಳೆ ತಿನ್ನುವಂಥ, ವಿಷ ಬೆರೆಸಿದ ಜೆಲ್ ಇಡುತ್ತೇನೆ, ಸಣ್ಣ ಸಣ್ಣ ಚುಕ್ಕಿ, ಬಿರುಕಿನೊಳಗೆ. ತಿಂದ ಜಿರಳೆ ಅಡಗುತಾಣಕ್ಕೆ ಹೋಗಿ ಸಾಯುತ್ತದೆ, ಅದರ ಹಿಕ್ಕೆ, ಹೆಣ ತಿಂದ ಮರಿಗಳೂ ಸಾಯುತ್ತವೆ. ಇದಕ್ಕೆ ವಾಸನೆ ಇಲ್ಲ. "ಏನೂ ಹೊಡೆದೇ ಇಲ್ವಲ್ಲ" ಅಂತ ಗೊಣಗಿ ಸಂಜೆ ಅಂಗಡಿಯಿಂದ ಸ್ಪ್ರೇ ತಂದು ಅದರ ಮೇಲೇ ಹೊಡೆದುಬಿಡುತ್ತಾರೆ. ಆ ಜೆಲ್ಲನ್ನು ಆಮೇಲೆ ಜಿರಳೆ ಮೂಸಿಯೂ ನೋಡುವುದಿಲ್ಲ. ಬಾಡಿಗೆದಾರರಿಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಬರೆದು ಅಂಟಿಸಿ.

ತಿಗಣೆಗೂ ಇದೇ ಮಾತು, ಇನ್ನೂ ಗಟ್ಟಿಯಾಗಿ. ತಿಗಣೆ ಕಚ್ಚಿದರೂ ಕೆಲವರ ಮೈಮೇಲೆ ಗುರುತೇ ಏಳುವುದಿಲ್ಲ. ಹಾಗಾಗಿ "ನಮ್ಮನೇಲಿಲ್ಲ" ಅನ್ನುವ ಮಾತನ್ನು ನಂಬಿ ಕೂರಬೇಡಿ. ತಿಗಣೆ ಇರುವ ಮನೆಯವರನ್ನು ಖಾಲಿ ಇರುವ ಬೇರೆ ಮನೆಗೆ ಕಳಿಸುತ್ತೀರಲ್ಲ, ದಯವಿಟ್ಟು ಅದು ಬೇಡ. ಹಾಸಿಗೆ ಜೊತೆ ಹುಳವೂ ಹೋಗುತ್ತದೆ. ಇಲಿಗೆ ಮೊದಲು ತೂತು ಮುಚ್ಚಿ, ಆಮೇಲೆ ಬೋನಿನ ಮಾತು. ಪೆನ್ಸಿಲ್ ತೂರುವಷ್ಟು ಸಂದಿ ಇದ್ದರೆ ಚಿಟ್ಟಿಲಿಗೆ ಸಾಕು.

202ಕ್ಕೆ ಮೂರನೇ ಸಲ ಹೋದಾಗ ಪೈಪಿನ ತೂತುಗಳಿಗೆಲ್ಲ ಸಿಮೆಂಟ್ ಮೆತ್ತಿಸಿ ಆಗಿತ್ತು. 302ರಲ್ಲಿ ಬಲೆ ಖಾಲಿ. ಅಜ್ಜ ತಮ್ಮ ಬಲೆಯನ್ನು ಮೇಜಿನ ಮೇಲಿಟ್ಟು ಭೂತಗನ್ನಡಿ ಹಿಡಿದು ಎಣಿಸಿದ್ದರು. "ಏಳು. ಅಷ್ಟೇ" ಅಂದರು ಹೆಮ್ಮೆಯಿಂದ. ನಾನು ಎಣಿಸಿದಾಗ ಒಂಬತ್ತು. ಅವರ ಕಣ್ಣಿಗೆ ಬೀಳದ ಎರಡು, ಎಳ್ಳಿನಷ್ಟೇ ಇದ್ದ ಮರಿಗಳು. ಎಲ್ಲೋ ಒಂದು ಚೀಲ ಈಗಷ್ಟೇ ಒಡೆದಿದೆ. ಎರಡು ವಾರ ಬಿಟ್ಟು ಮತ್ತೆ ಬರ್ತೀನಿ ಅಂತ ಹೇಳಿ, ಹೊಸ ಬಲೆ ಇಟ್ಟು ಬಂದೆ.