ಕಲ್ಲಿನ ಮನೆಯಲ್ಲಿ ಯಾರಿದ್ದರು?

ಎರಡು ಕಲ್ಲು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದರೆ ಸಾಕು, ನೋಡಿದವರು ‘ಆದಿಮಾನವನ ಮನೆ’ ಅಂತಾರೆ. ಇವತ್ತಿನ ಶಿಲ್ಪಿ ಗ್ರಾನೈಟಿನಲ್ಲಿ ಎಬ್ಬಿಸಿದ ದೊಡ್ಡ ಶಿಲ್ಪಕ್ಕೂ ಅದೇ ಮಾತು, ಗುಡ್ಡದ ಮೇಲಿನ ಹಳೇ ಕಲ್ಲುಗಳಿಗೂ ಅದೇ ಮಾತು. ಆದರೆ ನಮ್ಮ ಸೀಮೆಯ ಮೊದಲ ಮನೆಗಳನ್ನು ಹುಡುಕಿದರೆ ಕಲ್ಲಿಗಿಂತ ಜಾಸ್ತಿ ಸಿಗುವುದು ಗುಳಿಗಳು.

ಕಾವೇರಿ, ಕಪಿಲೆ ಸೇರುವ ತಿರುಮಕೂಡಲು ನರಸೀಪುರದಿಂದಲೇ ಶುರು ಮಾಡೋಣ. 1959ರ ನಂತರ ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿ ಅವರು ಅಲ್ಲಿ ಅಗೆತ ನಡೆಸಿದರು. ನವಶಿಲಾಯುಗದ ಮಡಕೆ ಚೂರುಗಳ ಜೊತೆ ಸುಟ್ಟ ಮಣ್ಣಿನ ತಲೆದಿಂಬು ಕೂಡ ಸಿಕ್ಕಿತು. ಸಾವಿರಾರು ವರ್ಷ ಹಿಂದಿನ ದಿಂಬು! ಅದೇ ಕಾಲದ ಗುಡಿಸಲುಗಳ ಗುರುತು ಬಳ್ಳಾರಿ ಕಡೆಯ ತೆಕ್ಕಲಕೋಟೆಯಲ್ಲಿದೆ. ದುಂಡನೆಯ ಗುಡಿಸಲು, ಸುತ್ತ ಗೂಟ ನೆಟ್ಟ ಗುಳಿಗಳು. ಮರ, ಹುಲ್ಲು ಎಲ್ಲ ಕರಗಿ ಹೋಗಿ ಗುಳಿ ಮಾತ್ರ ಉಳಿದಿದೆ.

ಚಪ್ಪಡಿ ಕೋಣೆಗಳು ಬಂದದ್ದು ಆಮೇಲೆ, ಕಬ್ಬಿಣದ ಕಾಲದಲ್ಲಿ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಂಥ ಕೋಣೆಗಳನ್ನು ತೆರೆಸಿದರು. ಒಳಗೆ ಮೂಳೆ, ಮಡಕೆ, ಕಬ್ಬಿಣದ ಸಾಮಾನು. ಒಂದು ಚಪ್ಪಡಿಯಲ್ಲಿ ದುಂಡನೆಯ ಕಂಡಿ. ಅಂದರೆ ಅದು ಸತ್ತವರ ಮನೆ. ಬದುಕಿದ್ದವರು ಹುಲ್ಲಿನಡಿ ಮಲಗಿ, ಸತ್ತವರಿಗೆ ಕಲ್ಲಿನ ಮನೆ ಕಟ್ಟಿದರು. ಆದರೂ ಜನ ಅದನ್ನು ಮನೆ ಅಂತಲೇ ಕರೆದರು. ಕೊಪ್ಪಳದ ಹಿರೇಬೆಣಕಲ್ಲಿನಲ್ಲಿ ‘ಮೋರ್ಯರ ಮನೆ’, ಬೇರೆ ಕಡೆ ‘ಪಾಂಡವರ ಮನೆ’. ಕಲ್ಲು ಕಂಡಲ್ಲೆಲ್ಲ ಪಾಂಡವರನ್ನು ಕೂರಿಸುವುದು ನಮಗೇನು ಹೊಸದಲ್ಲ, ಅಲ್ವಾ? ಒಂದು ಕಾಲಕ್ಕೆ ಫ್ರೆಂಚ್ ರಾಕ್ಸ್ ಆಗಿದ್ದ ಊರೇ ಈಗ ಪಾಂಡವಪುರ.

ಅಷ್ಟು ದೊಡ್ಡ ಚಪ್ಪಡಿ ತೆಗೆದದ್ದಾದರೂ ಹೇಗೆ? ಗ್ರಾನೈಟ್ ಬಂಡೆಯ ಮೇಲ್ಭಾಗ ತಾನಾಗಿಯೇ ಈರುಳ್ಳಿ ಸಿಪ್ಪೆ ಥರ ಪದರ ಬಿಡುತ್ತದೆ. ಆ ಸಂದು ಹಿಡಿದು ಬೆಣೆ ಹೊಡೆಯಬೇಕು, ಇಲ್ಲವೇ ಬೆಂಕಿ ಹಾಕಿ ಕಾಯಿಸಬೇಕು. ಸುಮ್ನೆ ಸುತ್ತಿಗೆ ಬೀಸಿದರೆ ಕೈ ನೋಯುತ್ತದೆ ಅಷ್ಟೆ.

ಗ್ರಾನೈಟಿನ ಹಟ ಶಿಲ್ಪಿಗೂ ಗೊತ್ತು. 13ನೇ ಶತಮಾನದ ಸೋಮನಾಥಪುರದ ದೇವಸ್ಥಾನ ಬಳಪದ ಕಲ್ಲಿನದು, ಅದಕ್ಕೇ ಅಲ್ಲಿ ಸರದ ಒಂದೊಂದು ಮಣಿಯೂ ಬಿಡಿಬಿಡಿಯಾಗಿ ಕಾಣುತ್ತದೆ. ಗ್ರಾನೈಟಿನಲ್ಲಿ ಅಂಥ ಕುಸುರಿಗೆ ಜೀವ ಹೋಗುತ್ತದೆ. ಹಾಗಾಗಿ ಗ್ರಾನೈಟ್ ಹಿಡಿದವನು ಬಂಡೆಯ ಗಾತ್ರವನ್ನೇ ಮಾತಾಡಲು ಬಿಡುತ್ತಾನೆ. ಚಾಮುಂಡಿ ಬೆಟ್ಟದ ನಂದಿಯನ್ನೇ ನೋಡಿ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ್ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದದ್ದು. ಕೊರಳ ಸರ, ಗಂಟೆ ಎಲ್ಲ ಇವೆ, ಆದರೆ ಮೊದಲು ಕಣ್ಣಿಗೆ ಬೀಳುವುದು ಆ ಭಾರವೇ. ಆದಿಮಾನವನ ಮನೆ ಕಡೆಯುವವನಿಗೂ ಈ ಭಾರವೇ ಬೇಕು. ಹುಲ್ಲಿನ ಗುಡಿಸಲನ್ನು ಗ್ರಾನೈಟಿನಲ್ಲಿ ಮಾಡಿದರೆ ಯಾರು ನಂಬುತ್ತಾರೆ?

ಹಾಗಂತ ಕಲ್ಲಿನಡಿ ಯಾರೂ ಬದುಕಲಿಲ್ಲ ಅಂತಲ್ಲ. ಪಾಂಡವಪುರದ ಕುಂತಿಬೆಟ್ಟದಲ್ಲಿ ಒಂದು ಮಧ್ಯಾಹ್ನ ಬಿಸಿಲು ತಾಳಲಾರದೆ ಚಾಚಿದ ಬಂಡೆಯ ಕೆಳಗೆ ನುಗ್ಗಿದ್ದೆ. ಒಳಗೆ ತಣ್ಣಗಿತ್ತು. ನೆಲದಲ್ಲಿ ಆಡಿನ ಹಿಕ್ಕೆ, ಮೂಲೆಯಲ್ಲಿ ಮೂರು ಕಲ್ಲಿನ ಒಲೆ. ಅದರ ಮೇಲೆ ಬಂಡೆ ಮಸಿ ಹಿಡಿದು ಕಪ್ಪಾಗಿತ್ತು. ಮುಟ್ಟಿದರೆ ಬೆರಳಿಗೂ ಹತ್ತಿತು.